ಸ್ಮಶಾನದ ರಿಜಿಸ್ಟರಿನಲ್ಲಿ ನಮ್ಮ ಖೋಲಿ

ಪಟ್ಟಿಯನ್ನು ನಲ್ಲಿಯ ಪಕ್ಕದ ಗೋಡೆಗೆ ಅಂಟಿಸಿದ್ದರು. ಮುಂಬಯಿಯ ಕುರ್ಲಾದಲ್ಲಿರುವ ನಮ್ಮ ಗುಡಿಸಲು ವಸ್ತಿಯನ್ನು ಕೆಡವಿ ಅಲ್ಲೇ ದೊಡ್ಡ ಬಿಲ್ಡಿಂಗ್ ಎಬ್ಬಿಸುತ್ತಾರೆ, ಹಳಬರಿಗೆ ಅದರಲ್ಲಿ ಒಂದೊಂದು ಮನೆ ಕೊಡುತ್ತಾರೆ ಎಂಬ ಮಾತನ್ನು ನಾನು ಶಾಲೆಗೆ ಹೋಗುವ ಕಾಲದಿಂದ ಕೇಳುತ್ತಿದ್ದೆ. ಈಗ ನಿಜವಾಗಿಯೂ ಪಟ್ಟಿ ಬಂದಿತ್ತು. ಖೋಲಿಯ, ಎಂದರೆ ಒಂದು ಕೋಣೆಯ ಮನೆಯ, ನಂಬರು, ಇರುವವರ ಹೆಸರು, ಕೊನೆಯ ಅಂಕಣದಲ್ಲಿ ಹೊಸ ಮನೆ ಸಿಗುವವರಿಗೆ ‘ಪಾತ್ರ’, ಸಿಗದವರಿಗೆ ‘ಅಪಾತ್ರ’. ನಮ್ಮ ನಂಬರಿನ ಮುಂದೆ ‘ಅಪಾತ್ರ’ ಎಂದಿತ್ತು. ಸಾಲು ತಪ್ಪಿರಬಹುದೆಂದು ಬೆರಳಿಟ್ಟು ಮೂರು ಸಲ ಓದಿದೆ. ಸಾಲು ತಪ್ಪಿರಲಿಲ್ಲ.

ಮನೆಯಲ್ಲಿ ನಾವು ಮೂವರು: ನಾನು, ಅವ್ವ, ಆಯಿ. ಆಯಿ ಎಂದರೆ ನನ್ನ ಅಪ್ಪನ ತಾಯಿ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅವ್ವ ಸಯನ್‌ನಲ್ಲಿ ಮೂರು ಮನೆಗಳಿಗೆ ಅಡಿಗೆ ಮಾಡಲು ಹೋಗುತ್ತಾಳೆ. ನಾನು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಓದಿದವಳು. ಮುಂದೆ ಯೂನಿವರ್ಸಿಟಿಯಲ್ಲಿ ಗ್ರಂಥಾಲಯ ವಿಜ್ಞಾನ ಕಲಿತು, ಈಗ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ಜೊತೆಯಲ್ಲಿ ಕೆಲಸ ಮಾಡುವವರಿಗೆ ನಾನು ಕುರ್ಲಾದಿಂದ ಬರುತ್ತೇನೆಂದು ಗೊತ್ತು, ಕುರ್ಲಾದಲ್ಲಿ ಎಲ್ಲಿಂದ ಎಂದು ಗೊತ್ತಿಲ್ಲ. ನಾನಾಗಿ ಹೇಳಿಲ್ಲ.

ಮರುದಿನ ರಜೆ ಹಾಕಿ ಪಟ್ಟಿ ಹೊರಡಿಸಿದ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತೆ ಒಳ್ಳೆಯ ಹೆಂಗಸು. ಹಳೆಯ ಗುಡಿಸಲು ಗಣತಿಯ ಪುಟದ ನಕಲನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ನಮ್ಮ ಖೋಲಿಯ ನಂಬರಿನ ಎದುರು ಅಜ್ಜನ ಹೆಸರೇ ಇರಲಿಲ್ಲ. ‘ಕಾಯಂ ವಾಸವಲ್ಲ, ಊರಿಗೆ ಮರಳುವವರು’ ಎಂದು ಮರಾಠಿಯಲ್ಲಿ ಒಂದು ಷರಾ ಮಾತ್ರ ಇತ್ತು. ಹಾಗೆ ಬರೆಸಿಕೊಂಡವರೆಲ್ಲ ಖೋಲಿ ಬಿಟ್ಟುಹೋದರು, ನಾವು ಆಮೇಲೆ ಬಂದು ಸೇರಿಕೊಂಡ ಬೇರೆಯವರು ಎಂಬುದು ಈಗಿನ ಲೆಕ್ಕ. ಗಣತಿಗಿಂತ ಮುಂಚಿನ ಯಾವುದಾದರೂ ಸರಕಾರಿ ದಾಖಲೆಯಲ್ಲಿ ಅಜ್ಜನ ಹೆಸರೂ ಈ ಖೋಲಿಯ ನಂಬರೂ ಒಟ್ಟಿಗೆ ಇದ್ದರೆ ನಾವು ಅದೇ ಕುಟುಂಬ ಎಂದು ಒಪ್ಪುತ್ತಾರೆ. ಹದಿನೈದು ದಿನದ ನಂತರ ವಿಚಾರಣೆ. ಅಷ್ಟರೊಳಗೆ ಒಂದು ಕಾಗದ ಬೇಕು. ಒಂದೇ ಒಂದು ಸಾಕು ಎಂದರು.

ಮನೆಗೆ ಬಂದು ಆಯಿಯನ್ನು ಕೇಳಿದೆ. ಆಕೆಗೆ ಗಣತಿಯ ದಿನ ಚೆನ್ನಾಗಿ ನೆನಪಿತ್ತು.

“ನಾ ಇಲ್ಲೇ ಕುಂತು ರೊಟ್ಟಿ ಬಡೀತಿದ್ದೆ. ಇಬ್ರು ಸಾಹೇಬ್ರು ಬಂದ್ರು. ಕಾಯಂ ಇರಾವ್ರೇನು ಅಂತ ಕೇಳಿದ್ರು. ನಿಮ್ಮಜ್ಜ, ಇಲ್ರೀ ಸಾಹೇಬ್ರ, ನಾಕು ವರ್ಸ ದುಡದು ನಮ್ಮೂರಿಗೆ ಹೋಗಾವ್ರು ನಾವು, ಅಂದ.”

“ಯಾಕ ಹಂಗ ಅಂದ?”

“ಮತ್ತ ಏನ್ ಅನ್ಬೇಕಿತ್ತು? ಎಲ್ಲಾರೂ ಹಂಗ ಅಂತಿದ್ರು. ಊರು ಬಿಟ್ಟೀವಿ ಅಂದ್ರ ಮಂದಿ ಏನಂದಾರು?”

ನಮ್ಮ ಗಲ್ಲಿಯಲ್ಲಿ ವಿಜಯಪುರದ ಕಡೆಯಿಂದ ಬಂದ ಅರ್ಧದಷ್ಟು ಮನೆಗಳವರು ಸಾಹೇಬರ ಮುಂದೆ ಹೀಗೆ ಜಂಬದಿಂದ ಹೇಳಿದ್ದರಂತೆ. ಪಕ್ಕದ ಖೋಲಿಯ ಟೇಲರ್ ಕಾಕಾನ ಮನೆಯವರೂ ಹೇಳಿದ್ದರು. ಆದರೆ ಕಾಕಾನ ತಂದೆಯ ಹೆಸರಿನಲ್ಲಿ ಗಣತಿಗಿಂತ ಹಿಂದಿನ ಒಂದು ಅಂಗಡಿಯ ಲೈಸೆನ್ಸ್ ಇತ್ತು. ನಮಗೆ ಅಂಗಡಿ ಇರಲಿಲ್ಲ. ಅಜ್ಜ ರಸ್ತೆ ಕೆಲಸದವನು.

ದಾಖಲೆ ಹುಡುಕುವುದು ನನ್ನ ಕಲಿಕೆಯ ಭಾಗ. ನನಗೆ ಇದು ಆಗುತ್ತದೆ ಎಂದು ಮೊದಲ ಎರಡು ದಿನ ಧೈರ್ಯವಿತ್ತು. ಒಂದು ಹಾಳೆಯ ಮೇಲೆ ಕುಟುಂಬದ ಜನನ, ಮದುವೆ, ಮರಣಗಳನ್ನು ಬರೆದು ಒಂದೊಂದನ್ನೇ ಹಿಡಿದೆ. ರೇಷನ್ ಕಾರ್ಡ್ ಊರಿನದೇ ಇತ್ತು; ಇಲ್ಲಿ ಮಾಡಿಸಿದರೆ ಅಲ್ಲಿಯದು ರದ್ದಾಗುತ್ತದೆಂದು ಅಜ್ಜ ಬಹಳ ವರ್ಷ ಮಾಡಿಸಿರಲಿಲ್ಲ. ಅಪ್ಪ ಹುಟ್ಟಿದ್ದು ಆಯಿಯ ತವರಿನಲ್ಲಿ. ಅತ್ತೆ ಹುಟ್ಟಿದ್ದೂ ಅಲ್ಲೇ. ನಾನು ಹುಟ್ಟಿದ್ದು ನನ್ನ ಅವ್ವನ ತವರಿನಲ್ಲಿ. ಏಳನೆಯ ತಿಂಗಳಲ್ಲಿ ಯಾರಾದರೂ ಬಂದು ಬಸುರಿಯನ್ನು ರೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು, ಮಗುವಿಗೆ ಐದು ತಿಂಗಳಾದ ಮೇಲೆ ತಂದು ಬಿಡುತ್ತಿದ್ದರು. ಈ ನಗರದ ಯಾವ ಜನನ ಪುಸ್ತಕದಲ್ಲೂ ನಾವಿಲ್ಲ.

ಅಜ್ಜ–ಆಯಿಯ ಮದುವೆ ಊರಿನ ಮಠದಲ್ಲಿ ಆಗಿತ್ತು. ಅಜ್ಜ ಆಗಲೇ ಮುಂಬಯಿಗೆ ಬಂದು ಖೋಲಿ ಹಾಕಿಕೊಂಡಿದ್ದ, ಮದುವೆಗೆಂದು ಊರಿಗೆ ಹೋಗಿದ್ದ. ಮಠದಲ್ಲಿ ಮದುವೆಯ ವಹಿ ಇರುತ್ತದೆ, ಅದರಲ್ಲಿ ವರನ ವಿಳಾಸ ಬರೆಯುತ್ತಾರೆ ಎಂದು ಅತ್ತೆ ಹೇಳಿದಾಗ ನನಗೆ ಮಲಗಲಾಗಲಿಲ್ಲ. ಅತ್ತೆ ಊರಿನಲ್ಲೇ ಇರುತ್ತಾಳೆ. ಎರಡು ಸಲ ಮಠಕ್ಕೆ ಹೋಗಿ, ಕೈಮುಗಿದು, ಆ ಪುಟದ ಫೋಟೋ ತೆಗೆಸಿ ಕಳಿಸಿದಳು. ಲೋಕಲ್‌ನಲ್ಲಿ ನಿಂತುಕೊಂಡೇ ಫೋಟೋ ದೊಡ್ಡದು ಮಾಡಿ ನೋಡಿದೆ. ಮೋಡಿಯಂಥ ಅಕ್ಷರ, ಆದರೂ ಓದಲು ಬಂತು. ಅಜ್ಜನ ಹೆಸರಿನ ಮುಂದೆ ಊರಿನ ಹೆಸರು. ಮುಂಬಯಿಯ ಸುಳಿವೇ ಇಲ್ಲ. ಅಜ್ಜನೇ ಹಾಗೆ ಹೇಳಿ ಬರೆಸಿರುತ್ತಾನೆ. ಸ್ಟೇಶನ್ ಬಂದದ್ದು ತಿಳಿಯಲಿಲ್ಲ. ಹಿಂದಿನವರ ತಳ್ಳಾಟದಲ್ಲಿ ಪ್ಲಾಟ್‌ಫಾರ್ಮಿಗೆ ಬಂದು ಬಿದ್ದೆ.

ನಮ್ಮ ಲೈಬ್ರರಿಯಲ್ಲಿ ಹಳೆಯ ನಗರ ಡೈರೆಕ್ಟರಿಗಳಿವೆ. ರಸ್ತೆ ರಸ್ತೆಯಾಗಿ ಅಂಗಡಿ, ದವಾಖಾನೆ, ಕಾರ್ಖಾನೆಗಳ ಹೆಸರು ಹಾಕಿದ ದಪ್ಪ ಪುಸ್ತಕಗಳು. ಊಟದ ಬಿಡುವಿನಲ್ಲಿ ಅವನ್ನು ತಿರುವಿದೆ. ನಮ್ಮ ಮುಖ್ಯ ರಸ್ತೆ ಸಿಕ್ಕಿತು. ಹಿಟ್ಟಿನ ಗಿರಣಿ, ಸೈಕಲ್ ಅಂಗಡಿ, ಒಬ್ಬ ವೈದ್ಯರು, ಬೀಗದ ಕಾರ್ಖಾನೆ. ಕಾರ್ಖಾನೆಯ ಗೋಡೆಯ ಹಿಂದೆ ನಾವು. ಅಲ್ಲಿಗೆ ಬಂದಾಗ ‘ಹಿಂಬದಿ ಗುಡಿಸಲುಗಳು’ ಎಂಬ ಎರಡು ಪದ, ಅದರ ಕೆಳಗೆ ಮುಂದಿನ ರಸ್ತೆ. ಪುಸ್ತಕ ಮುಚ್ಚಿದ ಮೇಲೂ ನಾನು ಅದನ್ನು ಕಪಾಟಿಗೆ ಸೇರಿಸದೆ ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

“ಏನವಾ, ಹೊಸ ಪುರಾಣ ಬರ್ಯಾಕ ಹತ್ತೀಯೇನು?” ಸಂಜೆ ಟೇಲರ್ ಕಾಕಾ ಮಶೀನು ತುಳಿಯುತ್ತಲೇ ಕೇಳಿದ. “ನಂದೂ ಒಂದು ಪಾನಾ ಬರಿ. ಮುಂಬೈದಾಗ ಐವತ್ತು ವರ್ಸ ಲಂಗಾ ಹೊಲದ ಅಂತ.”

“ಕಾಕಾ, ನಿಮ್ಮದು ಪಾತ್ರ ಆಗೇದಲ್ಲ.”

“ಆಗೇದವಾ. ನಮ್ಮಪ್ಪ ಅಂಗಡಿ ಇಟ್ಟ. ನಿಮ್ಮಜ್ಜ ಹಾದಿ ಮಾಡಿದ. ಅವ ಮಾಡಿದ ಹಾದಿ ಮ್ಯಾಲೆ ಎಲ್ಲಾರೂ ಅಡ್ಡ್ಯಾಡತಾರ, ಅವನ ಹೆಸ್ರು ಮಾತ್ರ ಎಲ್ಲೂ ಇಲ್ಲ ನೋಡು.”

ಕಾಕಾ ನಕ್ಕ. ನಾನು ನಗಲಿಲ್ಲವೆಂದು ಅವನಿಗೂ ಬೇಸರವಾಗಿರಬೇಕು. ಒಂದು ಕಪ್ ಚಹಾ ತರಿಸಿ ಕೊಟ್ಟ.

ಸಾವುಗಳು ಮಾತ್ರ ಉಳಿದಿದ್ದವು. ಅಜ್ಜ ಸತ್ತದ್ದು ಇಲ್ಲೇ, ಆದರೆ ಅವನ ಮಾತಿನಂತೆ ಟೆಂಪೋದಲ್ಲಿ ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿದರು. ಅದು ಗಣತಿಯ ಎಷ್ಟೋ ವರ್ಷದ ನಂತರದ ಮಾತು, ಉಪಯೋಗವೂ ಇಲ್ಲ. ಅಜ್ಜನಿಗೊಬ್ಬ ತಮ್ಮನಿದ್ದ. ನಮ್ಮ ಖೋಲಿಯಲ್ಲೇ ಇದ್ದು, ಎದೆಯ ರೋಗದಿಂದ, ತನ್ನ ಮದುವೆ ಆಗುವ ಮುಂಚೆಯೇ ಸತ್ತ. ಆಗ ಊರಿಗೆ ಒಯ್ಯಲು ಅನುಕೂಲವಿರದೆ ಇಲ್ಲೇ ಮಣ್ಣು ಮಾಡಿದರೆಂದು ಆಯಿ ಹೇಳಿದಳು. ವಿಚಾರಣೆಗೆ ಇನ್ನು ಆರು ದಿನ ಉಳಿದಿದ್ದವು.

ಹಳೆಯ ಹೂಳುವ ರಿಜಿಸ್ಟರುಗಳು ವಾರ್ಡಿನ ಒಂದು ದಾಖಲೆ ಕೋಣೆಯಲ್ಲಿದ್ದವು. ಅರ್ಜಿ ಕೊಟ್ಟೆ, ವಯಸ್ಸಾದ ಮರಾಠಿ ಕಾರಕೂನರು ಒಂದು ಮೇಜು ತೋರಿಸಿ, ಪುಟ ತಿರುಗಿಸುವಾಗ ಕೆಳಗಿನ ಮೂಲೆ ಹಿಡಿಯಬೇಡ, ಮುರಿಯುತ್ತದೆ ಎಂದರು. ಅಜ್ಜನ ತಮ್ಮ ಸತ್ತ ವರ್ಷ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೀಗಾಗಿ ನಾನು ನಾಲ್ಕು ವರ್ಷಗಳ ಪುಟಗಳನ್ನು ಒಂದೊಂದಾಗಿ ಓದಿದೆ. ಮೂರು ದಿನ ಬೇಕಾಯಿತು. ಹೆಸರು, ವಯಸ್ಸು, ತಂದೆ ಅಥವಾ ಗಂಡ, ವಿಳಾಸ, ಕಾರಣ. ಮಕ್ಕಳು ಬಹಳ. ಹೆಣ ಸುಡುವ ಜಾತಿಯವರೂ ಕೂಸುಗಳನ್ನು ಹೂಳುತ್ತಾರೆ, ಹಾಗಾಗಿ ಎಲ್ಲರ ಕೂಸುಗಳೂ ಆ ಒಂದೇ ಪುಸ್ತಕದಲ್ಲಿದ್ದವು. ಒಂದೊಂದು ಮಳೆಗಾಲದ ಪುಟಗಳಲ್ಲಿ ಸತ್ತ ದೊಡ್ಡವರಿಗಿಂತ ಅವೇ ಹೆಚ್ಚು.

ಅಜ್ಜನ ತಮ್ಮ ಸಿಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಜ್ಜನ ಹೆಸರು ಸಿಕ್ಕಿತು. ತಂದೆಯ ಅಂಕಣದಲ್ಲಿತ್ತು.

‘ಹೆಸರಿಲ್ಲದ ಹೆಣ್ಣು ಕೂಸು. ಒಂಬತ್ತು ದಿನ.’ ತಂದೆ, ಅಜ್ಜ; ಅವನ ಹೆಸರು, ಅವನ ಅಪ್ಪನ ಹೆಸರು, ಅಡ್ಡಹೆಸರು, ಮೂರೂ ಸರಿಯಾಗಿ. ವಿಳಾಸ, ಬೀಗದ ಕಾರ್ಖಾನೆಯ ಹಿಂದೆ, ಅದರ ಮುಂದೆ ನಮ್ಮ ಖೋಲಿಯ ನಂಬರು. ಗಣತಿಗಿಂತ ಹಿಂದಿನ ವರ್ಷ ಅದು, ನನ್ನ ಅಪ್ಪ ಹುಟ್ಟುವುದಕ್ಕೂ ಹಿಂದಿನದು. ನನಗೆ ಮೊದಲು ಬಂದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಕಾರಕೂನರ ಬಳಿ ಓಡಿ, ಸಿಕ್ಕಿತು, ಸಿಕ್ಕಿತು ಎಂದೆ. ಅವರು ಕನ್ನಡಕ ಹಾಕಿಕೊಂಡು ಓದಿ, ನನ್ನ ಮುಖ ನೋಡಿ, “ಯಾರು ನಿನಗೆ?” ಎಂದು ಮರಾಠಿಯಲ್ಲಿ ಕೇಳಿದರು. ಅತ್ತೆ ಎಂಬ ಮಾತು ಆಗ ನನಗೆ ಹೊಳೆಯಿತು.

ನಮ್ಮ ಮನೆಯಲ್ಲಿ ಈ ಕೂಸಿನ ಮಾತನ್ನು ಯಾರೂ ಎಂದೂ ಎತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಆಯಿಗೆ ಇಬ್ಬರು ಮಕ್ಕಳು ಎಂದೇ ಎಲ್ಲರೂ ಹೇಳುತ್ತಿದ್ದರು.

ಸಹಿ, ಶಿಕ್ಕೆ ಹಾಕಿದ ನಕಲು ಕೈಗೆ ಬಂತು. ಗುಮಾಸ್ತೆಗೆ ತೋರಿಸಿದೆ. ಇದು ಸಾಕು, ಆದರೆ ತಾಯಿಯ ಪ್ರತಿಜ್ಞಾಪತ್ರ ಜೊತೆಗಿರಬೇಕು, ವಿಚಾರಣೆಯ ದಿನ ಆಕೆಯೇ ಬಂದು ನಿಲ್ಲಬೇಕು ಎಂದರು. ಮನೆಗೆ ಹೋಗಿ ಆಯಿಯ ಪಕ್ಕದಲ್ಲಿ ಕೂತೆ. ಆಕೆ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಮೆಲ್ಲಗೆ ಕೇಳಿದೆ.

“ಯಾರ ಕೂಸೋ ಏನೋ. ನಂಗೊತ್ತಿಲ್ಲ.”

“ಆಯಿ, ಅಜ್ಜನ ಹೆಸ್ರು ಐತಿ. ಖೋಲಿ ನಂಬರೂ ಐತಿ.”

“ಆ ಹೆಸ್ರಿನವ್ರು ಹತ್ತು ಮಂದಿ ಇರ್ತಾರ.”

“ಇದೊಂದೇ ಕಾಗದ ನಮ್ಮ ಕಡೆ ಇರೂದು.”

“ನಂಗೊತ್ತಿಲ್ಲ ಅಂದ್ನೆಲ್ಲ! ಕಲ್ತಾಕಿ ಆಗಿ ಸುಡುಗಾಡದಾಗ ಏನ್ ಹುಡಕ್ತಿ?” ಸೊಪ್ಪಿನ ತಟ್ಟೆ ಎತ್ತಿಕೊಂಡು ಬಾಗಿಲಾಚೆ ಹೋಗಿ ಕೂತಳು. ಆ ದಿನ ಊಟ ಮಾಡಲಿಲ್ಲ.

ಅವ್ವ ನನಗೆ ಬೈಯಲಿಲ್ಲ. “ಆಕಿಗೆ ತ್ರಾಸ ಕೊಡಬ್ಯಾಡ,” ಎಂದಳು, ಸ್ವಲ್ಪ ಹೊತ್ತಿನ ಮೇಲೆ, “ಬ್ಯಾರೆ ಹಾದಿ ಏನೂ ಇಲ್ಲೇನು?” ಎಂದೂ ಕೇಳಿದಳು. ನಗರದ ಆಚೆ ತುದಿಯ ದಹಿಸರ್ ಕಡೆ ಅವ್ವನ ಪರಿಚಯದವಳೊಬ್ಬಳು ಬಾಡಿಗೆ ಖೋಲಿ ಕೊಡಿಸುತ್ತೇನೆಂದಿದ್ದಳು. ಅಲ್ಲಿಂದ ಸಯನ್‌ಗೆ ಬೆಳಗಿನ ಆರೂವರೆಗೆ ಬಂದು ಮುಟ್ಟಲು ಅವ್ವನಿಗೆ ಆಗುವುದಿಲ್ಲ. ಮೂರು ಮನೆಯೂ ಹೋಗುತ್ತವೆ.

ಆಮೇಲೆ ಮಾಡಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪ್ರತಿಜ್ಞಾಪತ್ರವನ್ನು ಮರಾಠಿಯಲ್ಲಿ ನಾನೇ ಬರೆದೆ, ಶುದ್ಧವಾಗಿ, ಒಂದು ಚಿತ್ತೂ ಇಲ್ಲದಂತೆ. ‘ಒಂಬತ್ತು ದಿನದ ಆ ಹೆಣ್ಣು ಕೂಸು ನನ್ನದು.’ ನೋಟರಿಯ ಟೇಬಲ್ಲಿನ ಮುಂದೆ ಆಯಿಯನ್ನು ಕೂರಿಸಿ ಆಕೆಯ ಹೆಬ್ಬೆರಳನ್ನು ನಾನೇ ಹಿಡಿದು ಮಸಿಗೆ ಒತ್ತಿದೆ.

“ಏನ್ ಬರದೈತಿ ಇದರಾಗ?”

“ಖೋಲಿ ನಮ್ಮದು ಅಂತ, ಆಯಿ.”

ಅದು ಸುಳ್ಳಲ್ಲ. ಸುಳ್ಳಲ್ಲದ ಮಾತನ್ನು ಆರಿಸಿ ಹೇಳಿದೆ ಎಂಬುದೇ ನನಗೆ ಈಗಲೂ ಹೇಸಿಗೆ ತರುತ್ತದೆ.

ವಿಚಾರಣೆ ಒಂದು ಸಮಾಜ ಮಂದಿರದ ಹಾಲ್‌ನಲ್ಲಿ. ಗಲ್ಲಿಯವರು ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು, ಒಬ್ಬರ ಕೇಸು ಎಲ್ಲರಿಗೂ ಕೇಳಿಸುತ್ತಿತ್ತು. ಅಧಿಕಾರಿ ಮ್ಯಾಡಮ್ ಕಾಗದ ಸುಮ್ಮನೆ ನೋಡಿ ಸಹಿ ಮಾಡುತ್ತಾರೆಂದು ನಾನು ನಂಬಿದ್ದೆ. ಅವರು ಓದಿ ಹೇಳಿದರು. ದೊಡ್ಡ ದನಿಯಲ್ಲಿ, ಮೊದಲ ಸಾಲಿನಿಂದ. ಆಯಿಗೆ ಬರೆಯಲು ಬರದಿದ್ದರೇನು, ಐವತ್ತು ವರ್ಷದ ಮರಾಠಿ ಅರ್ಥವಾಗುವುದಿಲ್ಲವೇ? ನನ್ನ ಕೈಯನ್ನು ಹಿಡಿದುಕೊಂಡಿದ್ದವಳು ಬಿಟ್ಟಳು.

“ಆಜಿ, ಏ ಬಚ್ಚಿ ಆಪ್ ಕೀ ಥೀ?” ಮ್ಯಾಡಮ್ ಕೇಳಿದರು, ಕಠಿಣವಾಗಿ ಏನಲ್ಲ.

ಆಯಿ ಮ್ಯಾಡಮ್ ಕೈಯಲ್ಲಿದ್ದ ಕಾಗದವನ್ನೇ ನೋಡಿದಳು. ಇಲ್ಲ ಎನ್ನುತ್ತಾಳೆಂದುಕೊಂಡೆ. “ಹೌದು,” ಎಂದು ಕನ್ನಡದಲ್ಲೇ ಹೇಳಿದಳು. “ನಂದ. ಆದ್ರ ಒಂಬತ್ತು ದಿನ ಅಲ್ಲ. ಹನ್ನೊಂದು.”

ನಾನು ಅದನ್ನು ಹಿಂದಿಗೆ ಮಾಡಿ ಹೇಳದೆ ನಿಂತೆ. ಟೇಲರ್ ಕಾಕಾ ಹಿಂದಿನಿಂದ, “ಗ್ಯಾರಾ ದಿನ್, ಮ್ಯಾಡಮ್,” ಎಂದುಬಿಟ್ಟ, ಪಾಪ, ಸಹಾಯ ಮಾಡಲೆಂದು.

ಮ್ಯಾಡಮ್ ನಕಲನ್ನೂ ಪ್ರತಿಜ್ಞಾಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟರು. ರಿಜಿಸ್ಟರಿನಲ್ಲಿ ಒಂಬತ್ತು ಇದೆ, ನೀವು ಬರೆದುಕೊಟ್ಟದ್ದರಲ್ಲೂ ಒಂಬತ್ತು ಇದೆ. ಹನ್ನೊಂದಾದರೆ ಅದು ಬೇರೆ ಕೂಸು, ಬೇರೆ ಮನೆ ಎಂದಾಗುತ್ತದೆ. ಆಜಿಗೆ ನೆನಪು ಹಾರಿರಬಹುದು, ಇನ್ನೊಮ್ಮೆ ಕೇಳಿ ಎಂದು ನನಗೆ ಹೇಳಿದರು. ಅವರು ನಮಗೆ ದಾರಿಯನ್ನೇ ಮಾಡಿಕೊಡುತ್ತಿದ್ದರು.

“ಆಯಿ,” ಎಂದೆ, “ಒಂಬತ್ತು ಅನ್ನು. ಒಂದ್ಸಲ ಅನ್ನು ಸಾಕು.”

“ಯಾಕ ಅನ್ಲಿ? ನಿಮ್ಮಜ್ಜ ರಸ್ತೆ ಕೆಲಸಕ್ಕ ಪುಣೆ ಕಡಿ ಹೋಗಿದ್ದ. ಕೂಸು ಹುಟ್ಟಿ ಎರಡು ದಿನಾ ಆದ ಮ್ಯಾಲೆ ಬಂದ. ತಾ ನೋಡಿದ ದಿನದಿಂದ ಎಣಿಸಿ ಬರಸ್ಯಾನ. ಮೊದಲಿನ ಎರಡು ದಿನಾ ನಾ ಒಬ್ಬಾಕೀನ ಇದ್ದೆ ಅದರ ಜೋಡಿ.”

“ಖೋಲಿ ಹೋಗ್ತದ, ಆಯಿ.” ನನ್ನ ದನಿ ಏರಿತ್ತು. ಅಷ್ಟೂ ಮಂದಿಯ ಮುಂದೆ ಆಕೆಯ ಕಾಲು ಹಿಡಿಯಲು ಬಗ್ಗಿದ್ದೆ. “ಕಾಲಿಗೆ ಬೀಳ್ತೀನಿ, ಒಂಬತ್ತು ಅನ್ನು.”

“ಮರುದಿನಾ ತೊಟ್ಲಾಗ ಹಾಕೂದಿತ್ತು,” ಎಂದಳು ಆಯಿ, ನನಗಲ್ಲ, ಮ್ಯಾಡಮ್‌ಗೆ. “ಹನ್ನೆರಡಕ್ಕ ಹೆಸ್ರಿಡೂದು ನಮ್ಮಲ್ಲಿ. ಹೆಸ್ರು ಇಡಾಕ ಒಂದ ದಿನಾ ಬಾಕಿ ಇತ್ತು. ನಾ ಮರೀತೀನೇನ್ರಿ?”

ಮ್ಯಾಡಮ್‌ಗೆ ಕನ್ನಡ ಬರುತ್ತಿರಲಿಲ್ಲ. ಈ ಸಲ ಯಾರೂ ಅನುವಾದಿಸಲಿಲ್ಲ. ಅವರು ಸ್ವಲ್ಪ ಕಾದು, ಕಡತದ ಅಂಚಿನಲ್ಲಿ ಏನೋ ಬರೆದು, ಮುಂದಿನ ನಂಬರು ಕರೆದರು.

ಬಸ್ಸಿನಲ್ಲಿ ಆಯಿ ಕಿಟಕಿಯ ಕಡೆ ಕೂತಿದ್ದಳು. ಸಿಟ್ಟು ಮಾಡಿಕೊಂಡವಳಂತೆ ಕಾಣಲಿಲ್ಲ. ನಮ್ಮ ನಿಲ್ದಾಣ ಹತ್ತಿರ ಬಂದಾಗ, ನಾನು ಕೇಳದಿದ್ದರೂ ಹೇಳಿದಳು.

“ನಮ್ಮಣ್ಣ ಏಳು ತಿಂಗಳಿಗೆ ಕರ್ಯಾಕ ಬಂದಿದ್ದ. ನಾನ ಹೋಗ್ಲಿಲ್ಲ. ಆಗ ಖೋಲಿಗೆ ಬಾಗಲಾ ಇರ್ಲಿಲ್ಲ, ಗೋಣಿ ತಟ್ಟು ಕಟ್ಟಿದ್ವಿ. ಬಿಟ್ಟು ಹೋದ್ರ ಯಾರರೆ ಬಂದು ಹೊಕ್ಕೋತಾರ ಅಂತ ಕಾಯಕೋತ ಉಳದೆ. ತವರಾಗ ಆಗಿದ್ರ ಅದು ಬದಕ್ತಿತ್ತು. ಮುಂದ ಇಬ್ರಿಗೂ ತವರಿಗೇ ಹೋದೆ.”

ಇಳಿಯುವಾಗ ಕೈ ಕೊಟ್ಟೆ, ಹಿಡಿದುಕೊಂಡಳು.

ಎಂಟು ದಿನದ ಮೇಲೆ ತೀರ್ಮಾನ ಬಂತು. ಹೇಳಿಕೆಗೂ ದಾಖಲೆಗೂ ತಾಳೆಯಾಗುವುದಿಲ್ಲ, ಅಪಾತ್ರ. ಮೇಲ್ಮನವಿಗೆ ಅವಕಾಶವಿದೆ. ಗುಮಾಸ್ತೆ ನನ್ನನ್ನು ಪಕ್ಕಕ್ಕೆ ಕರೆದು, ವಯಸ್ಸಾದ ಆಕೆ ಗೊಂದಲದಲ್ಲಿ ತಪ್ಪು ಹೇಳಿದಳು, ಒಂಬತ್ತೇ ಸರಿ ಎಂದು ಮೊಮ್ಮಗಳಾಗಿ ನೀನು ಬರೆದುಕೊಟ್ಟರೆ ಆಗಬಹುದು, ಆಕೆಯನ್ನು ಮತ್ತೆ ಕರೆಯುವುದಿಲ್ಲ ಎಂದು ಹೇಳಿದರು. ಆಯಿಗೆ ತಿಳಿಯುವುದೂ ಇಲ್ಲ.

ಎರಡು ಕರಡು ಮಾಡಿದೆ. ಗುಮಾಸ್ತೆ ಹೇಳಿದಂತೆ ಒಂದು. ಅದು ಚೆನ್ನಾಗಿ ಬಂದಿತ್ತು, ನಂಬುವಂತಿತ್ತು. ಇನ್ನೊಂದರಲ್ಲಿ ಅಜ್ಜ ಪುಣೆ ಕಡೆಯ ಕೆಲಸದಿಂದ ಎರಡು ದಿನ ತಡವಾಗಿ ಬಂದದ್ದು, ತಾನು ಕಂಡಂದಿನಿಂದ ಎಣಿಸಿ ಬರೆಸಿದ್ದು. ಅದಕ್ಕೆ ಪುರಾವೆ ಆಯಿಯ ಮಾತೊಂದೇ. ನಿನ್ನೆ ಬೆಳಿಗ್ಗೆ ಎರಡನೆಯದನ್ನು ಕೊಟ್ಟು ಬಂದೆ. ಸ್ವೀಕೃತಿಯ ಶಿಕ್ಕೆ ಹಾಕುವಾಗ ಗುಮಾಸ್ತೆ ಓದಿ ನೋಡಿ ತಲೆ ಅಲ್ಲಾಡಿಸಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಹೋಗಿ ಬದಲಿಸಿ ಕೊಡಲು ಇನ್ನೂ ಸಮಯವಿತ್ತು. ಕಚೇರಿ ಮುಚ್ಚುವವರೆಗೂ ಇತ್ತು.

ಮನೆಗೆ ಬಂದಾಗ ನೀರು ಬಂದಿತ್ತು, ಅವ್ವ ಕೊಡ ತುಂಬಿಸುತ್ತಿದ್ದಳು.

“ಏನಂತ ಬರದು ಕೊಟ್ಟಿ?”

“ಹನ್ನೊಂದು ಅಂತ.”

ಅವ್ವ ನಲ್ಲಿಯ ಕೆಳಗಿನಿಂದ ತುಂಬಿದ ಕೊಡ ಸರಿಸಿ ಖಾಲಿಯದನ್ನು ಇಟ್ಟಳು. ಒಳಗೆ ಆಯಿ ಇದ್ದಾಳೆಂದು ದನಿ ತಗ್ಗಿಸಿದಳು.

“ಹಂಗಾದ್ರ ದಹಿಸರ್‌ದಾಕಿಗೆ ಫೋನ್ ಹಚ್ಚು,” ಎಂದಳು.